ಹೃದಯ ಶಸ್ತ್ರಚಿಕಿತ್ಸೆಯ ನಂತರದ ನಂಜು: ಆ್ಯಂಟಿಬಯಾಟಿಕ್ ಎಷ್ಟು, ಯಾವಾಗ?

ಮುಂಬಯಿ, ಪುಣೆಯ ಕನ್ನಡ ಸಂಘ-ಸಂಸ್ಥೆಗಳಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಅರ್ಜಿಗಳು ಹೊಸತೇನಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ಕುಳಿತವರು, ಅಡುಗೆಮನೆಯಲ್ಲಿ ಬೆವರು ಹರಿಸಿದವರು, ಕಾರ್ಖಾನೆಯಿಂದ ನಿವೃತ್ತರಾದವರು, ಊರಿನಿಂದ ಚಿಕಿತ್ಸೆಗೆಂದು ಮಗನ ಮನೆಗೆ ಬಂದ ತಾಯಂದಿರು ಹೀಗೆ ಎಲ್ಲರೂ ಇದರಲ್ಲಿದ್ದಾರೆ. ಅಂದಿನ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು 1975ರಲ್ಲಿ ದೇಶದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಸಿದಾಗ ಅದೊಂದು ದೊಡ್ಡ ಸುದ್ದಿ. ಇಂದು ಬೈಪಾಸ್ ಎಂಬ ಮಾತು ಚಾಳಿನ ಅಜ್ಜಿಗೂ ಗೊತ್ತು.

ದಾನಿಗಳು ಕೈಜೋಡಿಸುತ್ತಾರೆ, ಹಣ ಕೂಡುತ್ತದೆ, ಶಸ್ತ್ರಚಿಕಿತ್ಸೆ ಯಶಸ್ವಿಯಾಗುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆದರೆ ನೂರರಲ್ಲಿ ಒಂದಿಬ್ಬರಿಗೆ ಎದೆಯ ಗಾಯದ ಆಳದಲ್ಲಿ ನಂಜು ಸೇರಿಕೊಳ್ಳುತ್ತದೆ. ಆಗ ಮತ್ತೆ ಆಸ್ಪತ್ರೆ, ಮತ್ತೆ ಎದೆ ತೆರೆದು ತೊಳೆಯುವ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ರಕ್ತನಾಳದ ಮೂಲಕ ಔಷಧಿ. ಮೊದಲ ಬಿಲ್ಲಿಗೆ ಹೊಂದಿಸಿದ ಹಣದಷ್ಟೇ ಹಣ ಮತ್ತೊಮ್ಮೆ ಬೇಕಾಗಬಹುದು. ಹಣಕ್ಕಿಂತ ದೊಡ್ಡದು ಜೀವದ ಅಪಾಯ. ಈ ನಂಜನ್ನು ತಡೆಯುವಲ್ಲಿ ಆ್ಯಂಟಿಬಯಾಟಿಕ್ ಔಷಧಿಯ ಪಾತ್ರ ದೊಡ್ಡದು. ಆದರೆ ಹೆಚ್ಚು ದಿನ ಕೊಟ್ಟಷ್ಟೂ ಹೆಚ್ಚು ರಕ್ಷಣೆ ಎಂಬ ನಮ್ಮಲ್ಲಿನ ನಂಬಿಕೆ ಮಾತ್ರ ಸರಿಯಲ್ಲ. ಸರಿಯಾದ ಔಷಧಿ, ಸರಿಯಾದ ಹೊತ್ತಿಗೆ, ಬೇಕಾದಷ್ಟೇ ಎಂಬುದು ಇಂದಿನ ವೈದ್ಯಶಾಸ್ತ್ರದ ನಿಲುವು.

ಗಾಯಕ್ಕಿಂತ ಮೊದಲೇ ಔಷಧಿ

ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯುತ್ತಾರೆ. ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಬೈಪಾಸ್ ಆದರೆ ಕಾಲಿನಿಂದ ರಕ್ತನಾಳ ತೆಗೆಯುವುದರಿಂದ ಅಲ್ಲಿಯೂ ಒಂದು ಗಾಯ ಇರುತ್ತದೆ. ನಂಜುಂಟುಮಾಡುವ ಸೂಕ್ಷ್ಮಜೀವಿಗಳು ಬಹಳ ಸಲ ಎಲ್ಲೋ ಹೊರಗಿನಿಂದ ಬಂದವಲ್ಲ. ರೋಗಿಯ ಸ್ವಂತ ಚರ್ಮದಲ್ಲಿ, ಮೂಗಿನ ಹೊಳ್ಳೆಯಲ್ಲಿ ವಾಸವಾಗಿರುವ ಸ್ಟೆಫೈಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳೇ ಇಲ್ಲಿ ಮುಖ್ಯ ಶತ್ರುಗಳು.

ಕತ್ತಿ ಚರ್ಮಕ್ಕೆ ತಾಗುವ ಹೊತ್ತಿಗೆ ರಕ್ತದಲ್ಲೂ ಮಾಂಸಖಂಡದಲ್ಲೂ ಔಷಧಿ ತುಂಬಿರಬೇಕು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಆರಂಭವಾಗುವ ಮುಂಚಿನ ಒಂದು ಗಂಟೆಯ ಒಳಗೆ ಸೆಫಜೋಲಿನ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದು ರೂಢಿ. ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ, 120 ಕಿಲೋ ಮೀರಿದ ದೇಹತೂಕದವರಿಗೆ 3 ಗ್ರಾಂ. ಶಸ್ತ್ರಚಿಕಿತ್ಸೆ ದೀರ್ಘವಾದರೆ ಸುಮಾರು ನಾಲ್ಕು ಗಂಟೆಗಳ ಬಳಿಕ ಮತ್ತೊಮ್ಮೆ. ಪೆನ್ಸಿಲಿನ್ ಜಾತಿಯ ಔಷಧಿಗಳ ತೀವ್ರ ಅಲರ್ಜಿ ಇದ್ದವರಿಗೆ, ಸಾಮಾನ್ಯ ಔಷಧಿಗಳಿಗೆ ಬಗ್ಗದ ಸ್ಟೆಫೈಲೋಕಾಕಸ್ ಮೈಮೇಲಿರುವವರಿಗೆ ವ್ಯಾಂಕೊಮೈಸಿನ್ ಎಂಬ ಬೇರೆ ಔಷಧಿ ಕೊಡುತ್ತಾರೆ. ಅದನ್ನು ನಿಧಾನವಾಗಿ ಹರಿಸಬೇಕಾದ್ದರಿಂದ ಎರಡು ಗಂಟೆಗಳ ಮುಂಚೆಯೇ ಆರಂಭಿಸಬಹುದು.

ಈ ಹೊತ್ತಿನ ಲೆಕ್ಕ ಬರಿಯ ಶಿಸ್ತಿನ ಮಾತಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದರಲ್ಲಿ ವಿವಿಧ ಶಸ್ತ್ರಚಿಕಿತ್ಸೆಗೆ ಒಳಗಾದ 2,847 ರೋಗಿಗಳ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ಗಂಟೆಗಳೊಳಗೆ ಔಷಧಿ ಪಡೆದವರಲ್ಲಿ ಗಾಯದ ಸೋಂಕು ನೂರಕ್ಕೆ 0.6. ತೀರಾ ಮುಂಚಿತವಾಗಿ ಪಡೆದವರಲ್ಲಿ ಅದು 3.8. ಶಸ್ತ್ರಚಿಕಿತ್ಸೆ ಆರಂಭವಾಗಿ ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ 3.3. ಹೊತ್ತು ತಪ್ಪಿದವರಲ್ಲಿ ಐದಾರು ಪಟ್ಟು ವ್ಯತ್ಯಾಸ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಎರಡು ದಿನ ಸಾಕೇ?

ಇಲ್ಲಿಯೇ ರೋಗಿಯ ಮನೆಯವರಿಗೂ ವೈದ್ಯರಿಗೂ ಮಾತಿನ ಜಗ್ಗಾಟ. "ಇಷ್ಟು ದೊಡ್ಡ ಆಪರೇಶನ್ ಆಗಿದೆ, ಡಾಕ್ಟ್ರೇ, ಒಂದು ಹದಿನೈದು ದಿನಕ್ಕಾದರೂ ಗುಳಿಗೆ ಬರೆದುಕೊಡಿ" ಎನ್ನುವವರು ಬಹಳ. ಗುಳಿಗೆ ಬರೆಯದ ವೈದ್ಯರು ಅಸಡ್ಡೆಯವರು ಎಂಬ ಭಾವನೆಯೂ ಇದೆ. ಆದರೆ ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಮುಂಜಾಗ್ರತೆಯ ಆ್ಯಂಟಿಬಯಾಟಿಕನ್ನು 24 ಗಂಟೆ, ಹೆಚ್ಚೆಂದರೆ 48 ಗಂಟೆಯಲ್ಲಿ ನಿಲ್ಲಿಸಬೇಕು ಎಂಬುದು ತಜ್ಞರ ಸಲಹೆ.

ಬೈಪಾಸ್ ಆದ 2,641 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. 48 ಗಂಟೆಯೊಳಗೆ ನಿಲ್ಲಿಸಿದವರಲ್ಲೂ, ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಿದವರಲ್ಲೂ ಗಾಯದ ಸೋಂಕಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಆದರೆ ಮುಂದುವರಿಸಿದವರ ಮೈಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ಹೆಚ್ಚಾಗಿತ್ತು. 2019ರಲ್ಲಿ ಪ್ರಕಟವಾದ, ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿನ 79 ಸಾವಿರಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳ ಲೆಕ್ಕ ಇನ್ನೊಂದು ಎಚ್ಚರಿಕೆ ನೀಡಿತು. 24 ಗಂಟೆ ದಾಟಿದ ಮೇಲೆ ಸೋಂಕೇನೂ ಕಡಿಮೆಯಾಗಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಮತ್ತು ತೀವ್ರ ಭೇದಿ ಮಾತ್ರ ಹೆಚ್ಚಾದವು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯಾದ ಮೊದಲ ಒಂದೆರಡು ದಿನ ಸ್ವಲ್ಪ ಜ್ವರ ಕಾಣಿಸಿದರೆ ಅದು ನಂಜಿನಿಂದಲೇ ಬಂದದ್ದೆಂದು ಹೇಳಲಾಗದು. ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ, ಹೃದಯ-ಶ್ವಾಸಕೋಶ ಯಂತ್ರದ ಬಳಕೆಗೆ ದೇಹ ತೋರುವ ಸಹಜ ಪ್ರತಿಕ್ರಿಯೆಯೂ ಅದಾಗಿರಬಹುದು. ಜ್ವರ ಕಂಡ ಕೂಡಲೇ "ಇನ್ನೂ ಪವರ್‌ಫುಲ್ ಇಂಜೆಕ್ಷನ್ ಕೊಡಿ" ಎಂದು ವಾರ್ಡಿನಲ್ಲಿ ಒತ್ತಾಯ ಮಾಡುವುದರಿಂದ ರೋಗಿಗೆ ಉಪಕಾರವಾಗದು.

ಆದರೆ ಮುಂಜಾಗ್ರತೆ ಬೇರೆ, ಚಿಕಿತ್ಸೆ ಬೇರೆ. ನಂಜು ನಿಜವಾಗಿಯೂ ಆಗಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದರೆ ಎರಡು ದಿನದ ಲೆಕ್ಕ ನಡೆಯದು. ಎದೆಮೂಳೆಯ ಆಳದ ನಂಜಿಗೆ ಹಲವು ವಾರ, ಕೃತಕ ಕವಾಟಕ್ಕೆ ನಂಜು ತಗಲಿದರೆ ಕನಿಷ್ಠ ಆರು ವಾರ ಔಷಧಿ ಬೇಕಾಗುತ್ತದೆ. ಆಗ "ಜ್ವರ ಇಳಿಯಿತಲ್ಲ" ಎಂದು ಅರ್ಧದಲ್ಲಿ ನಿಲ್ಲಿಸುವುದು ಅಷ್ಟೇ ದೊಡ್ಡ ತಪ್ಪು.

ಗುಳಿಗೆಯಲ್ಲಿಲ್ಲದ ರಕ್ಷಣೆ

ಹಾಗಾದರೆ ನಂಜು ತಡೆಯಲು ರೋಗಿಯಿಂದ, ಮನೆಯವರಿಂದ ಆಗುವಂಥದ್ದು ಏನೂ ಇಲ್ಲವೇ? ಬಹಳ ಇದೆ. ಅದರಲ್ಲಿ ಮೊದಲನೆಯದು ಸಕ್ಕರೆ ಕಾಯಿಲೆಯ ಹತೋಟಿ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 2,467 ಮಧುಮೇಹಿಗಳ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಇನ್ಸುಲಿನನ್ನು ಆಗಾಗ ಚುಚ್ಚುಮದ್ದಾಗಿ ಕೊಡುವ ಬದಲು ರಕ್ತನಾಳದ ಮೂಲಕ ಸತತವಾಗಿ ಹರಿಸಿ ಸಕ್ಕರೆಯನ್ನು ಹದ್ದಿನಲ್ಲಿಟ್ಟಾಗ ಎದೆಯಾಳದ ನಂಜು ನೂರಕ್ಕೆ 2ರಿಂದ 0.8ಕ್ಕೆ ಇಳಿಯಿತು. ಯಾವುದೇ ಹೊಸ ಆ್ಯಂಟಿಬಯಾಟಿಕ್ ಇಲ್ಲದೆ ಆದ ಲಾಭವಿದು. ಶಸ್ತ್ರಚಿಕಿತ್ಸೆಯ ನಂತರ ಸಕ್ಕರೆ 180ರ ಒಳಗಿರಲಿ ಎಂದು ವೈದ್ಯರು ನೋಡಿಕೊಳ್ಳುವುದು ಇದಕ್ಕೇ. ದಿನಾಂಕ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯನ್ನು ಮೊದಲೇ ಮಾಡಿಸಿ ಹತೋಟಿಗೆ ತರುವುದು ಒಳ್ಳೆಯದು.

ಎರಡನೆಯದು ಮೂಗು ಮತ್ತು ಮೈಯ ಶುದ್ಧಿ. ನೆದರ್‌ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೂಗಿನಲ್ಲಿ ಸ್ಟೆಫೈಲೋಕಾಕಸ್ ಇದ್ದವರಿಗೆ ಮುಪಿರೋಸಿನ್ ಮುಲಾಮು ಹಚ್ಚಿ, ಕ್ಲೋರ್‌ಹೆಕ್ಸಿಡಿನ್ ಸೋಪಿನಲ್ಲಿ ಸ್ನಾನ ಮಾಡಿಸಿದಾಗ ಅದೇ ಬ್ಯಾಕ್ಟೀರಿಯಾದ ಸೋಂಕು ನೂರಕ್ಕೆ 7.7ರಿಂದ 3.4ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮತ್ತು ಅದೇ ಬೆಳಗ್ಗೆ ಸ್ನಾನ ಮಾಡಿ ಎಂದು ದಾದಿಯರು ಹೇಳುವುದನ್ನು ಶಾಸ್ತ್ರಕ್ಕೆಂದು ತಿಳಿಯಬಾರದು. ಹಾಗೆಯೇ ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಬ್ಲೇಡಿನಿಂದ ಎದೆಗೂದಲು ಬೋಳಿಸಿಕೊಳ್ಳಬಾರದು. ಬ್ಲೇಡಿನ ಕಣ್ಣಿಗೆ ಕಾಣದ ಗೀರುಗಳೇ ಸೂಕ್ಷ್ಮಜೀವಿಗಳಿಗೆ ಹೆಬ್ಬಾಗಿಲು. ಅಗತ್ಯವಿದ್ದರೆ ಆಸ್ಪತ್ರೆಯವರೇ ಕತ್ತರಿಸುವ ಯಂತ್ರದಿಂದ ತೆಗೆಯುತ್ತಾರೆ.

ಮೂರನೆಯದು ಬೀಡಿ, ಸಿಗರೇಟು. ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಮಾಗುವುದಕ್ಕೆ ಅನುಕೂಲ. ನಾಲ್ಕನೆಯದು ಹಲ್ಲು. ಕವಾಟದ ಶಸ್ತ್ರಚಿಕಿತ್ಸೆಗೆ ಮುನ್ನ ಹುಳುಕು ಹಲ್ಲು, ಕೀವು ತುಂಬಿದ ವಸಡು ಇದ್ದರೆ ದಂತವೈದ್ಯರಲ್ಲಿ ಸರಿಪಡಿಸಿಕೊಳ್ಳಬೇಕು.

ಇನ್ನು ಆಹಾರ. ನಮ್ಮ ಕರಾವಳಿಯ ಮನೆಗಳಲ್ಲಿ ಗಾಯವಾದವರಿಗೆ ಮೀನು, ಕೋಳಿ, ಬದನೆ ಎಲ್ಲ "ನಂಜು" ಎಂದು ದೂರವಿಟ್ಟು ತಿಂಗಳುಗಟ್ಟಲೆ ಗಂಜಿ-ಉಪ್ಪಿನಕಾಯಿಯಲ್ಲೇ ಇರಿಸುವ ಪದ್ಧತಿ ಇದೆ. ಪ್ರೀತಿಯಿಂದ ಮಾಡುವ ಪಥ್ಯವೇ ಹೌದು. ಆದರೆ ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕು. ಬೇಳೆ, ಹಾಲು, ಮೊಟ್ಟೆ, ತಿನ್ನುವವರಿಗೆ ಮೀನು ಇವುಗಳನ್ನು ವೈದ್ಯರು ಬೇಡವೆನ್ನದ ಹೊರತು ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಉಪ್ಪಿನಕಾಯಿಯ ಉಪ್ಪನ್ನು. ಹೊಲಿಗೆಯ ಮೇಲೆ ಅರಸಿನ, ತೆಂಗಿನೆಣ್ಣೆ, ಪೌಡರ್ ಹಚ್ಚುವುದೂ ಬೇಡ.

ಕವಾಟ ಬದಲಿಸಿಕೊಂಡವರ ಲೆಕ್ಕವೇ ಬೇರೆ

ಬೈಪಾಸ್ ಆದವರಿಗೂ ಕವಾಟ ಬದಲಿಸಿಕೊಂಡವರಿಗೂ ಒಂದೇ ನಿಯಮ ಎಂದು ಹಲವರು ತಿಳಿದಿದ್ದಾರೆ. ಕೃತಕ ಕವಾಟ ಇದ್ದವರಿಗೆ, ಹಿಂದೊಮ್ಮೆ ಹೃದಯದ ಒಳಪದರಕ್ಕೆ ನಂಜು ತಗಲಿದ್ದವರಿಗೆ, ಕೆಲವು ಬಗೆಯ ಹುಟ್ಟು ಹೃದ್ರೋಗ ಇದ್ದವರಿಗೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹೃದಯದಲ್ಲಿ ನೆಲೆಯೂರುವ ಅಪಾಯ ಹೆಚ್ಚು. ಇಂಥವರು ಹಲ್ಲು ಕೀಳಿಸುವ, ವಸಡಿನ ಚಿಕಿತ್ಸೆ ಮಾಡಿಸುವ ಅರ್ಧದಿಂದ ಒಂದು ಗಂಟೆ ಮುಂಚೆ ಒಂದೇ ಸಲಕ್ಕೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ. ಅಲರ್ಜಿ ಇದ್ದರೆ ವೈದ್ಯರು ಬೇರೆ ಔಷಧಿ ಸೂಚಿಸುತ್ತಾರೆ. ಒಂದೇ ಒಂದು ಸಲ, ಐದು ದಿನದ ಕೋರ್ಸ್ ಅಲ್ಲ. ಬರಿಯ ಬೈಪಾಸ್ ಅಥವಾ ಸ್ಟೆಂಟ್ ಆದವರಿಗೆ ಇದರ ಅಗತ್ಯವಿಲ್ಲ. ಈ ಒಂದು ಡೋಸಿಗಿಂತಲೂ ದಿನಕ್ಕೆರಡು ಸಲ ಹಲ್ಲುಜ್ಜಿ ವಸಡನ್ನು ಸ್ವಸ್ಥವಾಗಿಟ್ಟುಕೊಳ್ಳುವುದೇ ದೊಡ್ಡ ರಕ್ಷಣೆ. ವಸಡು ಕೆಟ್ಟಿದ್ದರೆ ಊಟ ಅಗಿಯುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ.

ಚಿಕ್ಕಂದಿನ ಗಂಟಲು ನೋವು, ಕೀಲುನೋವಿನ ಜ್ವರದಿಂದ ಕವಾಟ ಹಾಳಾದವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದನ್ನು ರುಮ್ಯಾಟಿಕ್ ಹೃದ್ರೋಗ ಎನ್ನುತ್ತಾರೆ. ಇವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್ ಇರುತ್ತದೆ. "ಕವಾಟವನ್ನೇ ಬದಲಿಸಿದೆವಲ್ಲ, ಇನ್ನೇಕೆ ನೋವಿನ ಇಂಜೆಕ್ಷನ್" ಎಂದು ತಾವೇ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬಾರದು. ಉಳಿದ ಕವಾಟಗಳನ್ನು ಕಾಯಲು ಅದು ಮುಂದುವರಿಯಬೇಕಾಗಬಹುದು. ಎಷ್ಟು ವರ್ಷ ಎಂಬುದನ್ನು ವೈದ್ಯರೇ ಹೇಳಬೇಕು. ಆ್ಯಂಟಿಬಯಾಟಿಕ್ ಎಂದರೆ ಕಡಿಮೆ ಮಾಡುವುದೇ ಜಾಣತನ ಎಂದಲ್ಲ. ಬೇಕಾದಲ್ಲಿ ತಪ್ಪದೆ ತೆಗೆದುಕೊಳ್ಳುವುದೂ ಜಾಣತನವೇ.

ಔಷಧಿ ಅಂಗಡಿಯ ಜ್ವರದ ಗುಳಿಗೆ

ಮಳೆಗಾಲದಲ್ಲಿ ಮುಂಬಯಿಯಲ್ಲಿ ಜ್ವರಕ್ಕೆ ಬರವಿಲ್ಲ. ಕೆಲಸ ತಪ್ಪಿಸಲಾಗದವರು ವೈದ್ಯರ ಶುಲ್ಕ, ಕಾಯುವ ಹೊತ್ತು ಎರಡನ್ನೂ ಉಳಿಸಲು ನೇರ ಔಷಧಿ ಅಂಗಡಿಗೆ ಹೋಗಿ ಮೂರು ಗುಳಿಗೆ ಕೊಳ್ಳುವುದು ಸಾಮಾನ್ಯ. ಮನೆಯ ಡಬ್ಬಿಯಲ್ಲಿ ಉಳಿದ ಹಳೆಯ ಸ್ಟ್ರಿಪ್ಪಿನಿಂದ ನುಂಗುವವರೂ ಇದ್ದಾರೆ. ಕೃತಕ ಕವಾಟ ಇದ್ದವರಿಗೆ ಇದು ಎರಡು ರೀತಿಯಲ್ಲಿ ಅಪಾಯಕಾರಿ.

ಒಂದು, ಕವಾಟದ ನಂಜನ್ನು ಪತ್ತೆ ಮಾಡುವುದು ರಕ್ತದ ಕಲ್ಚರ್ ಪರೀಕ್ಷೆಯಿಂದ. ಅದಕ್ಕೆ ಮೊದಲೇ ಎರಡು ಗುಳಿಗೆ ನುಂಗಿದ್ದರೆ ಬ್ಯಾಕ್ಟೀರಿಯಾ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಜ್ವರ ಇಳಿದಂತೆ ಕಾಣುತ್ತದೆ, ಒಳಗೆ ಕವಾಟ ಕೆಡುತ್ತಲೇ ಇರುತ್ತದೆ. ಎರಡು, ಲೋಹದ ಕವಾಟ ಇದ್ದವರು ರಕ್ತ ಹೆಪ್ಪುಗಟ್ಟದಂತೆ ಅಸಿಟ್ರಾಮ್ ಅಥವಾ ವಾರ್ಫರಿನ್ ಗುಳಿಗೆಯನ್ನು ಜೀವನಪರ್ಯಂತ ತೆಗೆದುಕೊಳ್ಳುತ್ತಾರೆ. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಗಳು ಅದರ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಕ್ಷಯದ ಔಷಧಿ ರಿಫಾಂಪಿಸಿನ್ ಅದಕ್ಕೆ ವಿರುದ್ಧವಾಗಿ ಪ್ರಭಾವ ತಗ್ಗಿಸಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ಭೇದಿಗೆಂದು ಅಂಗಡಿಯವರು ಕೊಟ್ಟ ಒಂದು ಗುಳಿಗೆ ಇಂಥ ರೋಗಿಯನ್ನು ಮತ್ತೆ ಆಸ್ಪತ್ರೆ ಸೇರಿಸೀತು. ಬೈಪಾಸ್ ಆದವರೂ ಜಾಗ್ರತೆ ವಹಿಸಬೇಕು. ಕೊಲೆಸ್ಟರಾಲಿನ ಕೆಲವು ಗುಳಿಗೆಗಳ ಜೊತೆ ಕ್ಲಾರಿತ್ರೋಮೈಸಿನ್ ಸೇರಿದರೆ ಮಾಂಸಖಂಡಗಳಿಗೆ ಹಾನಿಯಾಗಬಹುದು.

ಕಾನೂನು ಇಲ್ಲವೆಂದಲ್ಲ. ಆ್ಯಂಟಿಬಯಾಟಿಕ್ ಗುಳಿಗೆ, ಇಂಜೆಕ್ಷನ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1 ನಿಯಮದಂತೆ ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಮಾರುವಾಗ ವೈದ್ಯರ, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಅರ್ಥವೂ ವೈದ್ಯರನ್ನು ಕೇಳದೆ ನುಂಗಬೇಡಿ ಎಂದೇ. ಕೇಂದ್ರ ಸರಕಾರ 2016ರಲ್ಲಿ ಈ ಬಗ್ಗೆ ಪ್ರಚಾರ ಆರಂಭಿಸಿತು. ಗೆರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಓದುವವರು ಕಡಿಮೆ.

ಎಲ್ಲರ ಹೆಸರಿನ ಜಂಟಿ ಖಾತೆ

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪುರಸ್ಕಾರ ಸ್ವೀಕರಿಸಿ ಮಾಡಿದ ಭಾಷಣದಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಯಾರು ಬೇಕಾದರೂ ಅಂಗಡಿಯಲ್ಲಿ ಕೊಂಡು ಅರೆಬರೆ ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಔಷಧಿಗೆ ಬಗ್ಗದಂತಾಗುತ್ತವೆ ಎಂಬುದು ಅದರ ತಾತ್ಪರ್ಯ. ಆ ಮಾತು ನಿಜವಾಯಿತು. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು ಹೇಳುತ್ತದೆ.

ಆ್ಯಂಟಿಬಯಾಟಿಕ್ ಎಂಬುದು ಎಲ್ಲರ ಹೆಸರಿನಲ್ಲಿರುವ ಜಂಟಿ ಖಾತೆಯಂತೆ. ನೆಗಡಿಗೆಂದು ಒಬ್ಬರು ತೆಗೆದ ಮೊತ್ತ, ನಾಳೆ ಎದೆ ತೆರೆಸಿಕೊಂಡು ಮಲಗಿದ ಇನ್ನೊಬ್ಬರಿಗೆ ಬೇಕಾದಾಗ ಇರುವುದಿಲ್ಲ. ಹೃದಯ ಶಸ್ತ್ರಚಿಕಿತ್ಸೆ ಇಷ್ಟು ಸುರಕ್ಷಿತವಾಗಿರುವುದಕ್ಕೆ ಆ್ಯಂಟಿಬಯಾಟಿಕ್ ಇನ್ನೂ ಕೆಲಸ ಮಾಡುತ್ತಿರುವುದೂ ಒಂದು ಮುಖ್ಯ ಕಾರಣ.

ಮನೆಗೆ ಬಂದ ಮೇಲೆ

ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು ಅಥವಾ ನೀರು ಒಸರುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಕೆಮ್ಮಿದಾಗ ಎದೆಮೂಳೆಯಲ್ಲಿ "ಕಟಕ್" ಎಂದು ಅಲುಗಿದಂತಾಗುವುದು, ದಿನೇ ದಿನೇ ಕಡಿಮೆಯಾಗಬೇಕಾದ ನೋವು ಹೆಚ್ಚುವುದು, 100.4 ಡಿಗ್ರಿ ಮೀರಿದ ಜ್ವರ, ಚಳಿ ಇವುಗಳಲ್ಲಿ ಯಾವುದು ಕಂಡರೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಂದೇ ತಿಳಿಸಬೇಕು. ಇಂಥ ಲಕ್ಷಣಗಳು ಹೆಚ್ಚಾಗಿ ಕಾಣಿಸುವುದು ಮನೆಗೆ ಬಂದ ಮೇಲಿನ ಮೊದಲ ಕೆಲವು ವಾರಗಳಲ್ಲಿ. ಕೃತಕ ಕವಾಟ ಇದ್ದವರು ವರ್ಷಗಳ ನಂತರವೂ ಕಾರಣ ತಿಳಿಯದ ಜ್ವರವನ್ನು ಹಗುರವಾಗಿ ಎಣಿಸಬಾರದು.

ನಮ್ಮವರಲ್ಲಿ ಅನೇಕರು ಶಸ್ತ್ರಚಿಕಿತ್ಸೆ ಮುಂಬಯಿಯಲ್ಲಿ, ವಿಶ್ರಾಂತಿ ಊರಿನಲ್ಲಿ ಎಂದು ಹೊರಡುತ್ತಾರೆ. ಕಾಗದಪತ್ರ ಇಲ್ಲಿನ ಕಪಾಟಿನಲ್ಲಿ, ರೋಗಿ ಅಲ್ಲಿನ ಜಗಲಿಯಲ್ಲಿ. ಜ್ವರ ಬಂದಾಗ ಊರಿನ ವೈದ್ಯರಿಗೆ ಯಾವ ಕವಾಟ, ಯಾವ ಔಷಧಿ, ಯಾವುದಕ್ಕೆ ಅಲರ್ಜಿ ಎಂಬುದೇ ಗೊತ್ತಾಗುವುದಿಲ್ಲ. ಡಿಸ್ಚಾರ್ಜ್ ಕಾರ್ಡ್, ಕವಾಟದ ಕಾರ್ಡ್, ಔಷಧಿಗಳ ಪಟ್ಟಿ ಇವುಗಳ ನಕಲು ರೋಗಿಯ ಚೀಲದಲ್ಲೇ ಇರಲಿ, ಮೊಬೈಲಿನಲ್ಲಿ ಫೋಟೋ ಇರಲಿ. ಯಾವುದೇ ವೈದ್ಯರಲ್ಲಿ, ದಂತವೈದ್ಯರಲ್ಲಿ ಹೋದರೂ "ನನಗೆ ಹೃದಯದ ಆಪರೇಶನ್ ಆಗಿದೆ" ಎಂಬುದು ಮೊದಲ ಮಾತಾಗಿರಲಿ.

ಇಲ್ಲಿ ಸಂಘ-ಸಂಸ್ಥೆಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ಇಂಗ್ಲಿಷಿನಲ್ಲಿರುವ ಡಿಸ್ಚಾರ್ಜ್ ಕಾಗದವನ್ನು ಕನ್ನಡ, ತುಳು ಮಾತ್ರ ಬಲ್ಲ ಹಿರಿಯರಿಗೆ ಓದಿ ಹೇಳಲು ಒಬ್ಬ ಸದಸ್ಯರನ್ನು ನೇಮಿಸಬಹುದು. ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಇಸಿಜಿ, ರಕ್ತದೊತ್ತಡದ ಜೊತೆಗೆ ದಂತ ತಪಾಸಣೆ, ಮೂರು ತಿಂಗಳ ಸಕ್ಕರೆಯ ಪರೀಕ್ಷೆಯನ್ನೂ ಸೇರಿಸಬಹುದು. ನೆರವಿನ ಚೆಕ್ಕಿನ ಜೊತೆಗೆ ಒಂದು ಪುಟದ ಕನ್ನಡ ಸೂಚನಾಪತ್ರವನ್ನು ವೈದ್ಯರಿಂದ ತಿದ್ದಿಸಿ ಕೊಡಬಹುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ದಾನಿಗಳು ಬೆವರು ಸುರಿಸಿ ಕೊಟ್ಟ ಹಣ ರೋಗಿಯ ಎದೆಯಲ್ಲಿ ಬಹುಕಾಲ ಸುರಕ್ಷಿತವಾಗಿರಬೇಕಾದರೆ ಇಷ್ಟು ಕಾಳಜಿ ಅಗತ್ಯ.